ಟವೆಲ್ ಒಳಗಿನ ವಿಮರ್ಶೆ

ಗುಡೂರಿನ ಹುಲ್ಲಪ್ಪ ಸಿನಿಮಾ ವಿಮರ್ಶಕನಾದದ್ದು ಒಂದು ದವಡೆಹಲ್ಲಿನ ದೆಸೆಯಿಂದ. ಉಳಿದ ವಿಮರ್ಶಕರು ಯಾವ ದಾರಿಯಿಂದ ಆ ಪದವಿಗೆ ಏರುತ್ತಾರೋ ನನಗೆ ಗೊತ್ತಿಲ್ಲ. ಕೆಲವರ ಬರಹ ಓದಿದರೆ ಅವರಿಗೂ ಎಲ್ಲೋ ನೋಯುತ್ತಿರಬೇಕು ಅನ್ನಿಸುತ್ತದೆ.

ಹುಲ್ಲಪ್ಪನ ನಿಜವಾದ ಉದ್ಯೋಗ ಅಮೀನಗಡದ ಕುರಿ ಸಂತೆಯಲ್ಲಿ ದಲ್ಲಾಳಿಕೆ. ಅಲ್ಲಿ ಕುರಿಯ ಬೆಲೆಯನ್ನು ಬಾಯಿಂದ ಹೇಳುವ ಪದ್ಧತಿ ಇಲ್ಲ. ದಲ್ಲಾಳಿ ಗಿರಾಕಿಯ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಾನೆ. ಒಳಗೆ ಬೆರಳುಗಳು ಒಂದನ್ನೊಂದು ಒತ್ತುತ್ತ ಜಗಳ ಆಡುತ್ತವೆ. ಹೊರಗೆ ಬಾಯಿಗಳು ಮಳೆಯ ವಿಚಾರ, ಸೊಸೆಯ ವಿಚಾರ ಮಾತಾಡುತ್ತವೆ. ಸುತ್ತ ನಿಂತ ನೂರು ಜನರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಮೂವತ್ತು ವರ್ಷಗಳಲ್ಲಿ ಹುಲ್ಲಪ್ಪ ಎರಡು ನಿಯಮಗಳನ್ನು ಮುರಿದಿರಲಿಲ್ಲ. ಟವೆಲ್ ಒಳಗಿನ ಮಾತನ್ನು ಹೊರಗೆ ಆಡಬಾರದು. ತಾನು ಬೆನ್ನು ಸವರಿ, ಹಲ್ಲು ನೋಡಿ, ಕಾಲು ಎತ್ತಿ ಪರೀಕ್ಷಿಸದ ಕುರಿಗೆ ಟವೆಲ್ ಹಾಸಬಾರದು. ಹುನಗುಂದ, ಇಳಕಲ್ಲು, ಗುಳೇದಗುಡ್ಡದ ಗಿರಾಕಿಗಳು ತಮ್ಮ ಅಣ್ಣತಮ್ಮಂದಿರನ್ನು ನಂಬದಿದ್ದರೂ ಹುಲ್ಲಪ್ಪನ ಬೆರಳನ್ನು ನಂಬುತ್ತಿದ್ದರು. ಅವನಿಗೆ ಇದ್ದ ಆಸ್ತಿ ಅದೊಂದೇ.

ಎಪ್ರಿಲ್‌ನ ಒಂದು ಶುಕ್ರವಾರ ಹುಲ್ಲಪ್ಪ ಬಾಗಲಕೋಟೆಗೆ ಹೋಗಿ ಹಲ್ಲು ಕೀಳಿಸಿಕೊಂಡ. ಡಾಕ್ಟರು ಬಾಯಿತುಂಬ ಹತ್ತಿ ತುರುಕಿ, "ಮೂರು ತಾಸು ಬಾಯಿ ಬಿಚ್ಚಬ್ಯಾಡ್ರಿ. ಮಾತಂತೂ ಬ್ಯಾಡೇ ಬ್ಯಾಡ. ಎಲ್ಲ್ಯರ ತಂಪಿನಾಗ ಕುಂಡ್ರಿ," ಎಂದರು. ಹುಲ್ಲಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ತಂಪು ಹುಡುಕುತ್ತ ಹೊರಟ. ಎಪ್ರಿಲ್‌ನಲ್ಲಿ ಬಾಗಲಕೋಟೆಯೊಳಗೆ ತಂಪು ಹುಡುಕುವುದು ಸಣ್ಣ ಕೆಲಸವಲ್ಲ. ಬಸ್ ನಿಲ್ದಾಣದ ಬೆಂಚು ಕಾದಿತ್ತು, ಬೇವಿನ ಮರದ ಕೆಳಗೆ ನಾಲ್ಕು ಎಮ್ಮೆಗಳು ಮೊದಲೇ ಬಂದು ಕೂತಿದ್ದವು. ಆಗ ಒಂದು ಟಾಕೀಸಿನ ಮುಂದೆ 'ಪೂರ್ಣ ಹವಾನಿಯಂತ್ರಿತ' ಎಂಬ ಬೋರ್ಡು ಕಂಡಿತು. ಹುಲ್ಲಪ್ಪ ಒಂದು ಬೆರಳು ತೋರಿಸಿ ಟಿಕೆಟ್ ತೆಗೆದುಕೊಂಡ.

ಒಳಗೆ ನಡೆಯುತ್ತಿದ್ದ ಚಿತ್ರದ ಹೆಸರು 'ಸುಮ್ಮನ ಕುಂತಾಂವ'. ಬಾದಾಮಿಯ ಚೇತನಕುಮಾರ ಎಂಬ ಹುಡುಗ ನಾಲ್ಕು ವರ್ಷ ಒದ್ದಾಡಿ ಮಾಡಿದ ಮೊದಲ ಚಿತ್ರ. ಒಬ್ಬ ಕುರುಬ ತನ್ನ ಹಿಂಡು ಕಳೆದುಕೊಂಡು ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಕೂರುತ್ತಾನೆ, ಅಷ್ಟೇ ಕಥೆ. ಅಂದಿನ ಬೆಳಿಗ್ಗೆಯೇ ಬೆಂಗಳೂರಿನ ವಿಮರ್ಶೆಗಳು ಹೊರಬಿದ್ದಿದ್ದವು. ಒಬ್ಬರು, "ನಾಯಕ ಕೂರುತ್ತಾನೆ, ಪ್ರೇಕ್ಷಕ ಏಳುತ್ತಾನೆ," ಎಂದು ಬರೆದು ಒಂದೂವರೆ ನಕ್ಷತ್ರ ಕೊಟ್ಟಿದ್ದರು. ಇನ್ನೊಬ್ಬರು, "ನಿರ್ದೇಶಕರು ಕ್ಯಾಮೆರಾ ಇಟ್ಟು ಊಟಕ್ಕೆ ಹೋದಂತಿದೆ," ಎಂದಿದ್ದರು. ಮೂರನೆಯವರು ಮಾತ್ರ ಮನಸಾರೆ ಹೊಗಳಿ, "ಇದು ಅಪ್ಪಟ ದೃಶ್ಯಕಾವ್ಯ," ಎಂದು ಬರೆದಿದ್ದರು. ಚಿತ್ರಕ್ಕೆ ಹೆಚ್ಚು ಪೆಟ್ಟು ಬಿದ್ದದ್ದು ಇದರಿಂದ.

ಮ್ಯಾಟಿನಿಗೆ ಹನ್ನೊಂದು ಜನ ಇದ್ದರು. ಹುಲ್ಲಪ್ಪ ಕೂತ, ತಣ್ಣನೆ ಗಾಳಿ ಬೀಸಿತು, ಅರ್ಧ ಮುಖ ಹೇಗೂ ಮರಗಟ್ಟಿತ್ತು, ಉಳಿದರ್ಧವೂ ನಿದ್ದೆಗೆ ಜಾರಿತು. ಪರದೆಯ ಮೇಲೆ ಹೆಸರುಗಳು ಮುಗಿಯುವ ಮೊದಲೇ ಅವನು ಮಲಗಿದ್ದ. ಚಿತ್ರದಲ್ಲಿ ಸದ್ದು ಕಡಿಮೆ ಇದ್ದದ್ದರಿಂದ ಯಾರೂ ಅವನನ್ನು ಎಬ್ಬಿಸಲಿಲ್ಲ.

ಆಟ ಬಿಟ್ಟಾಗ ಬಾಗಿಲಲ್ಲಿ ಸಂತೋಷಕುಮಾರ ಮೈಕು ಹಿಡಿದು ನಿಂತಿದ್ದ. ಎಂ.ಎ. ಮುಗಿಸಿದ ಈತ 'ಬಾಗಲಕೋಟಿ ಪರದಿ' ಎಂಬ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಚಾನೆಲ್ಲಿಗೆ ಮುನ್ನೂರು ಚಿಲ್ಲರೆ ಚಂದಾದಾರರು, ಅವರಲ್ಲಿ ಅರ್ಧ ಬೀಗರು. ಮೊದಲ ಹತ್ತು ಪ್ರೇಕ್ಷಕರು ಮೈಕು ಕಂಡು ಓಟ ಕಿತ್ತರು. ಹನ್ನೊಂದನೆಯವನಾಗಿ ಹುಲ್ಲಪ್ಪ ಬಂದ. ನಿದ್ದೆಯಿಂದ ಕಣ್ಣು ಕೆಂಪಾಗಿತ್ತು, ಮರಗಟ್ಟಿದ ಕಡೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಗದ್ದ ನಡುಗುತ್ತಿತ್ತು.

"ನೋಡ್ರಿ ವೀಕ್ಷಕರ, ಇಲ್ಲೊಬ್ಬ ಹಿರಿಯರು ಅಳಕೋತ ಬರಾಕತ್ತಾರ!" ಎಂದ ಸಂತೋಷಕುಮಾರ. "ಕಾಕಾ, ಪಿಚ್ಚರ್ ಹೆಂಗೈತ್ರಿ?"

ಹುಲ್ಲಪ್ಪ ತಲೆಯಾಡಿಸಿದ. ಅದು ಹೌದೋ ಅಲ್ಲವೋ ತಿಳಿಯುವ ಹಾಗಿರಲಿಲ್ಲ.

"ಮಾತ ಬರವಲ್ದು ಅಂತೀರಿ? ಅಷ್ಟ ತಟ್ಟೈತಿ ಮನಸಿಗೆ? ಹೋಗ್ಲಿ ಬಿಡ್ರಿ, ಐದರಾಗ ಎಷ್ಟ ಸ್ಟಾರ್ ಕೊಡ್ತೀರಿ, ಅದನ್ನರ ಹೇಳ್ರಿ." ಹೀಗೆಂದು ಸಂತೋಷಕುಮಾರ ಖಾಲಿ ಇದ್ದ ಬಲಗೈಯನ್ನು ಮುಂದೆ ಚಾಚಿದ.

ಇಲ್ಲಿ ಒಂದು ಮಾತು ಹೇಳಬೇಕು. ಮೂವತ್ತು ವರ್ಷ ಒಬ್ಬ ಮನುಷ್ಯನ ಮುಂದೆ ಯಾರು ಕೈ ಚಾಚಿ 'ಎಷ್ಟು' ಎಂದು ಕೇಳಿದರೂ ಅದಕ್ಕೆ ಒಂದೇ ಅರ್ಥ ಇತ್ತು. ಹುಲ್ಲಪ್ಪನ ತಲೆ ಯೋಚಿಸುವ ಮೊದಲೇ ಹೆಗಲಿನ ಟವೆಲ್ ಜಾರಿ ಇಬ್ಬರ ಕೈಮೇಲೆ ಬಿತ್ತು. ಒಳಗೆ ಅವನು ಸಂತೋಷಕುಮಾರನ ಮಣಿಕಟ್ಟನ್ನು ಎರಡು ಸಲ ತಟ್ಟಿ ಬಿಟ್ಟ. ಸಂತೆಯಲ್ಲಿ ಅದಕ್ಕೆ 'ಇವತ್ತ ಬ್ಯಾಡ, ವ್ಯಾಪಾರ ಇಲ್ಲ' ಎಂದು ಅರ್ಥ. ಸಂತೋಷಕುಮಾರನಿಗೆ ಕುರಿಯ ವ್ಯವಹಾರ ಗೊತ್ತಿರಲಿಲ್ಲ. ಅವನಿಗೆ ಗೊತ್ತಾದದ್ದು ಕಚಗುಳಿ ಒಂದೇ. ಹುಲ್ಲಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಗುಡೂರಿನ ಬಸ್ಸು ಹತ್ತಿದ.

ಅವನು ಊರು ಮುಟ್ಟುವ ಹೊತ್ತಿಗೆ ವಿಡಿಯೋ ಮೂರು ತಾಲೂಕು ಸುತ್ತಿತ್ತು. "ಎಷ್ಟು ಕೊಟ್ಟರು?" ಎಂದು ಸಾವಿರ ಜನ ಕೇಳಿದ್ದರು. ಸಂತೋಷಕುಮಾರ ತನಗೆ ತಿಳಿಯಲಿಲ್ಲ ಎಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುನಗುಂದದವರೊಬ್ಬರು ಕೆಳಗೆ ಬರೆದರು: 'ಅವರು ಕುರಿ ದಲ್ಲಾಳಿ ಹುಲ್ಲಪ್ಪ. ಟವೆಲ್ ಒಳಗಿಂದು ಹೊರಗ ಹೇಳಂಗಿಲ್ಲ.' ಮುಳುಗುತ್ತಿದ್ದ ಸಂತೋಷಕುಮಾರ ಈ ಸಾಲನ್ನು ಹಿಡಿದುಕೊಂಡು ದಡ ಸೇರಿದ. ಅಂದಿನಿಂದ ಯಾರು ಕೇಳಿದರೂ ಗಂಭೀರವಾಗಿ ಕಣ್ಣು ಮುಚ್ಚಿ, "ಟವೆಲ್ ಒಳಗಿಂದು ಹೊರಗ ಹೇಳಂಗಿಲ್ಲ," ಎನ್ನತೊಡಗಿದ.

ಮನೆಯಲ್ಲಿ ರಂಗವ್ವ ಗಂಡನಿಗಾಗಿ ಹಲ್ಲಿಗೆ ನೋವಾಗದ ಹಾಗೆ ರವೆ ಗಂಜಿ ಕಾಯಿಸಿ ಇಟ್ಟಿದ್ದಳು. ವಿಡಿಯೋ ನೋಡಿದ ಮೇಲೆ ಅದನ್ನು ಅವನ ಮುಂದೆ ಸದ್ದಾಗುವ ಹಾಗೆ ಇಟ್ಟಳು.

"ಹಲ್ಲ ಕೀಳಸಾಕ ಹೋಗಿ ಪಿಚ್ಚರ್ ನೋಡಿ ಅತ್ತು ಬಂದೀರಿ. ನಮ್ಮವ್ವ ಸತ್ತಾಗ ಒಂದ ಹನಿ ಬರಲಿಲ್ಲ ನಿಮ್ಮ ಕಣ್ಣಾಗ."

ಹುಲ್ಲಪ್ಪ ಹತ್ತಿಯ ಸಂದಿಯಿಂದ "ಊಂ ಊಂ" ಎಂದ.

"ಏನ ಊಂ? ಯಾರದಾರ ಆ ಪಿಚ್ಚರಿನಾಗ, ಅಷ್ಟು ಅಳುವಂಗ?"

ಹುಲ್ಲಪ್ಪನಿಗೆ ಯಾರಿದ್ದಾರೆಂದು ಗೊತ್ತಿದ್ದರೆ ತಾನೇ.

ಹತ್ತಿ ತೆಗೆಯುವ ಹೊತ್ತಿಗೆ ಪಕ್ಕದ ಮನೆಯ ಮಾಳಿಂಗರಾಯ ಬಂದು ಕಟ್ಟೆಯ ಮೇಲೆ ಕೂತ. ಮಾಳಿಂಗರಾಯನಿಗೆ ಐವತ್ತು ಕುರಿಗಳಿದ್ದವು, ಆದರೆ ಅವನ ಮುಖ್ಯ ಕಸುಬು ಸುದ್ದಿ.

"ಲೇ ಹುಲ್ಲಪ್ಪ, ನನ್ನ ಮುಂದರ ಹೇಳಲೇ. ಎಷ್ಟ ಕೊಟ್ಟಿ?"

"ಏನೂ ಕೊಟ್ಟಿಲ್ಲಲೇ."

"ಸುಳ್ಳ ಹೇಳಬ್ಯಾಡ. ಟವೆಲ್ ಅಳ್ಳಾಡಿದ್ದು ಹುನಗುಂದ ಮಂದಿ ನೋಡ್ಯಾರ, ಇಳಕಲ್ಲ ಮಂದಿ ನೋಡ್ಯಾರ. ನೀ ಟವೆಲ್ ಹಾಸೀದಿ ಅಂದ್ರ ಮಾಲು ತಲಿಯಿಂದ ಬಾಲದ ತನಕ ನೋಡೀದಿ ಅಂತ ಅರ್ಥ. ಬೆಂಗಳೂರಾನವ್ರು ನಕ್ಷತ್ರ ಕೊಡ್ತಾರಂತ, ಕೊಟ್ಟಕೊಳ್ಳಲಿ. ಅವ್ರ ಕೈ ಯಾರ ಹಿಡದ ನೋಡ್ಯಾರ?"

ಆಗ ಹುಲ್ಲಪ್ಪನಿಗೆ ತಾನು ಬಿದ್ದ ಬಾವಿಯ ಆಳ ತಿಳಿಯಿತು. 'ಬ್ಯಾಡ ಅಂತ ಮಣಿಕಟ್ಟು ತಟ್ಟಿದೆ' ಎಂದರೆ, ಹುಲ್ಲಪ್ಪ ಬೇಡವೆಂದ ಚಿತ್ರವನ್ನು ಈ ಸೀಮೆಯಲ್ಲಿ ಯಾರೂ ನೋಡುವುದಿಲ್ಲ. ಯಾರದೋ ಮಗ ಕಷ್ಟಪಟ್ಟು ಮಾಡಿದ್ದು ಮಣ್ಣಾಗುತ್ತದೆ. 'ಮಲಗಿದ್ದೆ' ಎಂದರೆ, ಕಣ್ಣಿಂದ ನೋಡದ ಮಾಲಿಗೆ ಟವೆಲ್ ಹಾಸಿದ ಹಾಗಾಗುತ್ತದೆ. ಮರುದಿನವೇ ಶನಿವಾರ, ಸಂತೆ, ಕೈ ಚಾಚುವವರು ಯಾರೂ ಇರುವುದಿಲ್ಲ. ಹೀಗಾಗಿ ಅವನು ಮೂರನೆಯ ದಾರಿ ಹಿಡಿದ. ಗಂಜಿ ಕುಡಿದ.

ಶನಿವಾರದ ಸಂತೆಯಲ್ಲಿ ಆ ದಾರಿಯೂ ಮುಚ್ಚಿತು. ಗಿರಾಕಿಗಳು ಟವೆಲ್ ಒಳಗೆ ಕೈ ಇಟ್ಟು, ಕುರಿಯನ್ನು ಬಿಟ್ಟು ಸಿನಿಮಾ ಕೇಳತೊಡಗಿದರು. ಅವನ ಮೌನವನ್ನು ಒಬ್ಬೊಬ್ಬರು ಒಂದೊಂದು ರೀತಿ ತಿಳಿದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಸಂತೆ ಎರಡು ಪಂಗಡವಾಯಿತು. ಹುಣಸೆ ಮರದ ಕೆಳಗಿನವರ ಪ್ರಕಾರ ಐದಕ್ಕೆ ಐದು. ನೀರಿನ ತೊಟ್ಟಿಯ ಕಡೆಯವರ ಪ್ರಕಾರ ಅರ್ಧ, ಅದೂ ಹುಡುಗನ ಮುಖ ನೋಡಿ. ಆಡು ಕಟ್ಟುವ ಜಾಗದಲ್ಲಿ ಇಬ್ಬರು ಕೈ ಕೈ ಮಿಲಾಯಿಸಿದರು, ಟವೆಲ್ ಇಲ್ಲದೆ.

ಇಳಕಲ್ಲಿನ ಮಟನ್ ವ್ಯಾಪಾರಿ ಮುಕ್ತಾರ ಇದನ್ನೆಲ್ಲ ದೂರದಿಂದ ನೋಡುತ್ತಿದ್ದ. ಅವನು ಇಪ್ಪತ್ತು ವರ್ಷದ ಗಿರಾಕಿ. ಸಂತೆಯಲ್ಲೇ ಅತಿ ಕಟು ಮನುಷ್ಯ. ಅವನ ಮುಂದೆ ಕುರಿಗಳೇ ಹಲ್ಲು ತೋರಿಸಿ ನಿಲ್ಲುತ್ತವೆ ಎಂದು ಪ್ರತೀತಿ.

"ಹುಲ್ಲಪ್ಪ ಭಾಯ್," ಎಂದ ಮುಕ್ತಾರ ತನ್ನ ಸರದಿ ಬಂದಾಗ ಟವೆಲ್ ಒಳಗೆ ಕೈ ಇಟ್ಟು, "ಇವತ್ತ ನಿನ್ನ ಬೆರಳ ತಣ್ಣಗ ಅದಾವ. ಆರಾಮ ಇಲ್ಲೇನು?"

"ಹಲ್ಲ ಕಿತ್ತಾರ ಮುಕ್ತಾರಣ್ಣ."

"ಹಲ್ಲ ಕಿತ್ರ ಬೆರಳ ಯಾಕ ತಣ್ಣಗಾಗ್ತಾವ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದ.

ಸಂಜೆ ಮನೆಗೆ ಚೇತನಕುಮಾರನೇ ಬಂದ. ಬಾದಾಮಿಯಿಂದ ಮೋಟರ್ ಸೈಕಲ್ ಹೊಡೆದುಕೊಂಡು ಬಂದಿದ್ದ. ತೆಳ್ಳಗಿದ್ದ, ಕಣ್ಣ ಸುತ್ತ ಕಪ್ಪಾಗಿತ್ತು. ರಂಗವ್ವ ನೀರು ಕೊಟ್ಟರೆ ಚೊಂಬು ಹಿಡಿದುಕೊಂಡೇ ನಿಂತ.

"ಕುಡಿಯಪ್ಪ, ಅದರಾಗ ಏನ ನೋಡ್ತಿ?" ಎಂದಳು ರಂಗವ್ವ.

"ಕಾಕಾ," ಎಂದ ಚೇತನಕುಮಾರ, "ನಾಳೆ ಮ್ಯಾಟಿನಿಗೆ ಮಂದಿ ಬರಲಿಲ್ಲಂದ್ರ ಸೋಮವಾರ ತಗಿತೇವಿ ಅಂತ ಟಾಕೀಸಿನವ್ರು ಹೇಳ್ಯಾರ. ಪೇಪರಿನಾಗ ಬರದದ್ದೆಲ್ಲ ಓದೇನಿ. ಅವ್ರೆಲ್ಲ ಸಿನಿಮಾ ತಿಳದವ್ರು. ಕುರಿ ತಿಳದವ್ರು ನೋಡಿದ್ದು ನೀವೊಬ್ರ. ನನಗೊಬ್ಬಗ ಹೇಳ್ರಿ. ಕಮ್ಮಿ ಇದ್ರೂ ನಡಿತೈತಿ." ಹಾಗೆಂದು ಅವನೂ ಬಲಗೈ ಚಾಚಿದ.

ಹುಲ್ಲಪ್ಪ ಟವೆಲ್ ಹಾಸಿದ. ಹಾಸದೆ ಇರುವುದು ಅವನಿಗೆ ಬರುತ್ತಿರಲಿಲ್ಲ. ಒಳಗೆ ಹುಡುಗನ ಕೈ ಅವನ ಬೆರಳುಗಳನ್ನು ಬಿಗಿಯಾಗಿ ಅವುಚಿಕೊಂಡಿತು. ಹಿಂಡಿನ ಕೊನೆಯ ಕುರಿ ಮಾರಲು ಬಂದವರ ಕೈ ಹಾಗಿರುತ್ತದೆ. ಹುಲ್ಲಪ್ಪ ಯಾವ ಬೆರಳನ್ನೂ ಒತ್ತಲಿಲ್ಲ. ಸುಮ್ಮನೆ ಹಿಡಿದುಕೊಂಡ. ಹೊರಗೆ ಮಾಳಿಂಗರಾಯ ಗೋಡೆಯ ಮೇಲಿಂದ ಕುತ್ತಿಗೆ ಚಾಚಿ ಚಾಚಿ ನೋವಾಗಿ, ಒಂದು ಸಲ ಕೆಮ್ಮಿದ.

"ನಾಳೆ ನಾ ಬರ್ತೇನಿ ತಮ್ಮಾ," ಎಂದ ಹುಲ್ಲಪ್ಪ ಕೊನೆಗೆ. "ನೋಡಿ ಹೇಳ್ತೇನಿ."

ಅವನು ಹೇಳಿದ್ದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಆದರೆ ಗೋಡೆಯಾಚೆಗೆ ಅದು ಬೇರೆ ರೂಪ ತಾಳಿ ಹೊರಟಿತು. "ಹುಲ್ಲಪ್ಪ ಎರಡನೇ ಸಲ ನೋಡಾಕ ಹೊಂಟಾನ!" ಒಮ್ಮೆ ನೋಡಿದ ಕುರಿಯನ್ನು ಹುಲ್ಲಪ್ಪ ಎರಡನೇ ಸಲ ನೋಡಿದ ದಾಖಲೆ ಇಲ್ಲ. ಹಾಗಾದರೆ ಅದು ಎಂಥ ಮಾಲಿರಬೇಕು! ಭಾನುವಾರ ಬೆಳಿಗ್ಗೆ ಗುಡೂರಿನಿಂದ ಮೂರು ಟೆಂಪೊ ತುಂಬಿದವು. ಇಳಕಲ್ಲಿನಿಂದ ಒಂದು ಬಂತು, ಅದರಲ್ಲಿ ಮುಂದಿನ ಸೀಟಿನಲ್ಲಿ ಮುಕ್ತಾರ ಇದ್ದ. ರಂಗವ್ವ ಮದುವೆಗೆ ಉಡುವ ಇಳಕಲ್ಲ ಸೀರೆ ಉಟ್ಟು, "ನಾನೂ ಅಳಬೇಕಾಗ್ತೈತೇನೋ," ಎಂದು ಎರಡು ಕರವಸ್ತ್ರ ಇಟ್ಟುಕೊಂಡಳು.

ಟಾಕೀಸಿನ ಮ್ಯಾನೇಜರ್ ಜಹಾಂಗೀರ ಜನ ನೋಡಿ ಗಾಬರಿಯಾದ. ಬೇರೆ ಚಿತ್ರದ ಪೋಸ್ಟರ್ ಹಚ್ಚಿಬಿಟ್ಟೆವೋ ಏನೋ ಎಂದು ಹೊರಗೆ ಬಂದು ಎರಡು ಸಲ ತಲೆ ಎತ್ತಿ ನೋಡಿಹೋದ.

ಹುಲ್ಲಪ್ಪನನ್ನು ನಡುವಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಚಿತ್ರ ಸುರುವಾಯಿತು. ಮುಂದಿನ ಸಾಲಿನವರು ತಿರುಗಿ ಕೂತರು, ಪಕ್ಕದವರು ಬಗ್ಗಿ ನೋಡಿದರು. ಪರದೆಯ ಕಡೆ ಮುಖ ಮಾಡಿದ್ದವನು ಹುಲ್ಲಪ್ಪ ಒಬ್ಬನೇ. ಉಳಿದವರೆಲ್ಲ ಹುಲ್ಲಪ್ಪನನ್ನು ನೋಡುತ್ತಿದ್ದರು. ಅವನು ಗದ್ದ ಕೆರೆದುಕೊಂಡರೆ "ಇಲ್ಲಿ ಏನೋ ಐತಿ" ಎಂದು ಪಿಸುಗುಡುತ್ತಿದ್ದರು. ಒಂದು ಸಲ ಆಕಳಿಸಿದ. ನೀರಿನ ತೊಟ್ಟಿಯ ಪಂಗಡ ಗೆದ್ದಂತೆ ನಕ್ಕಿತು. ಮರುಕ್ಷಣ ಸೀನಿದ. ಹುಣಸೆ ಮರದ ಪಂಗಡದವರು ಚಪ್ಪಾಳೆ ತಟ್ಟಿದರು, ಯಾಕೆಂದು ಅವರಿಗೇ ತಿಳಿಯಲಿಲ್ಲ.

ಕಣ್ಣು ಎಳೆಯುತ್ತಿತ್ತು. ಆದರೆ ಹುಲ್ಲಪ್ಪ ತೊಡೆ ಚಿವುಟಿಕೊಂಡು ನೋಡಿದ. ಹೊಸ ಕುರಿ ಬಂದಾಗ ನೋಡುವ ಹಾಗೆ, ಎಲ್ಲಿಂದ ಎಲ್ಲಿಗೆ ಏನು ಕೂಡಿದೆ, ಎಲ್ಲಿ ಸೊರಗಿದೆ ಎಂದು ನೋಡಿದ. ಹೀಗೆ ಅರ್ಧ ಚಿತ್ರ ಹೋಗಿರಬೇಕು. ಪರದೆಯ ಮೇಲೆ ಸಂತೆ ಬಂತು. ನಾಯಕ ಒಂದು ಟಗರು ಮಾರಲು ನಿಂತಿದ್ದ. ದಲ್ಲಾಳಿ ವೇಷದವನೊಬ್ಬ ಬಂದು ಟವೆಲ್ ಹಾಸಿದ, ಒಳಗೆ ಬೆರಳು ಆಡಿಸಿದ, ಆಮೇಲೆ ತಲೆ ಎತ್ತಿ ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಬೆಲೆಯನ್ನು ಬಾಯಿ ತುಂಬ ಕೂಗಿ ಹೇಳಿದ.

ಹುಲ್ಲಪ್ಪ ಎದ್ದು ನಿಂತ.

"ಏ! ಬಾಯಿಲೆ ಹೇಳ್ಯಾನಲೇ ಅಂವ! ಯಾವನಲೇ ನಿನ್ನ ದಲ್ಲಾಳಿ ಮಾಡಿದವ? ಟವೆಲ್ ಎದಕ್ಕ ಹಾಸೀದಿ ಮತ್ತ, ಕೈ ವರಸಾಕ?"

ಇಡೀ ಟಾಕೀಸು ಮೊದಲ ಸಲ ಪರದೆಯ ಕಡೆ ತಿರುಗಿತು. ಆಮೇಲೆ ನೂರು ಕುರಿಗಾರರು ಒಟ್ಟಿಗೆ ಆ ದಲ್ಲಾಳಿಯನ್ನು ಬೈದರು. ಅಂಥ ಬೈಗುಳವನ್ನು ಪರದೆಯ ಮೇಲಿನ ಖಳನಾಯಕರೂ ಕೇಳಿರಲಿಕ್ಕಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಚೇತನಕುಮಾರ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ದೀಪ ಹತ್ತಿತು. ಇಂಟರ್ವಲ್.

ಹೊರಗೆ ಚಹಾ ಅಂಗಡಿಯ ಮುಂದೆ ಎಲ್ಲರೂ ಹುಲ್ಲಪ್ಪನನ್ನು ಸುತ್ತುವರಿದರು. ಸಂತೋಷಕುಮಾರನ ಮೈಕು ಮುಂದೆ ಬಂತು. ಎಲ್ಲರೂ ಖುಷಿಯಲ್ಲಿದ್ದರು. ಮುಕ್ತಾರ ಮಾತ್ರ ಚಹಾ ಆರಿಸುತ್ತ, ಬಸಿಯ ಅಂಚಿನ ಮೇಲಿಂದ ನೋಡುತ್ತಿದ್ದ.

"ಒಂದ ಮಾತ ಕೇಳ್ಲೇನು ಹುಲ್ಲಪ್ಪ ಭಾಯ್?" ಎಂದ. "ಶುಕ್ರವಾರಾನೂ ಇದ ಪಿಚ್ಚರ್ ಇತ್ತು. ಇದ ಟಗರು, ಇದ ದಲ್ಲಾಳಿ. ಅವತ್ತ ಅಂವ ಬಾಯಿಲೆ ಹೇಳಿದಾಗ ನಿನಗ ಸಿಟ್ಟ ಬರಲಿಲ್ಲೇನು? ಇವತ್ತ ಹೊಸದಾಗಿ ನೋಡಿದವರಂಗ ಜಿಗದ ಎದ್ದೆಲ್ಲ?"

"ಹೌದಲ್ಲಲೇ," ಎಂದ ಮಾಳಿಂಗರಾಯ. "ಇಂಥಾ ತಪ್ಪು ಇಟಗೊಂಡ ಮಾಲಿಗೆ ಅವತ್ತ ಯಾವ ಬೆರಳ ಕೊಟ್ಟಿ?"

ಹುಲ್ಲಪ್ಪ ಮುಕ್ತಾರನ ಮುಖ ನೋಡಿದ, ಆಮೇಲೆ ಚೇತನಕುಮಾರನ ಮುಖ ನೋಡಿದ. ಇಲ್ಲಿ ಒಂದು ಸುಳ್ಳು ಹೇಳಿದರೆ ನಡೆಯುತ್ತಿತ್ತೋ ಏನೋ. ನಡೆಯುತ್ತಿತ್ತು ಅನ್ನುವವರು ಈಗಲೂ ಗುಡೂರಿನಲ್ಲಿ ಇದ್ದಾರೆ.

"ಯಾವ ಬೆರಳೂ ಕೊಟ್ಟಿಲ್ಲ," ಎಂದ ಹುಲ್ಲಪ್ಪ. "ಶುಕ್ರವಾರ ನಾ ಪಿಚ್ಚರ್ ನೋಡಿಲ್ಲ. ಹಲ್ಲ ಕಿತ್ತಿದ್ರು, ತಂಪಿನಾಗ ಕುಂಡ್ರು ಅಂದಿದ್ರು. ಒಳಗ ಹೋಗಿ ಮಲಕ್ಕೊಂಡೆ. ಈ ಹುಡುಗ ಕೈ ಮುಂದ ಮಾಡ್ದ, ರೂಢಿ ಮ್ಯಾಲ ಟವೆಲ್ ಬಿತ್ತು. ವ್ಯಾಪಾರ ಇಲ್ಲ ಅಂತ ಮಣಿಕಟ್ಟ ತಟ್ಟಿ ಬಿಟ್ಟೆ. ಅಷ್ಟ. ನೋಡದ ಮಾಲಿಗೆ ಟವೆಲ್ ಹಾಸೇನಿ. ಮೂವತ್ತ ವರ್ಷದಾಗ ಒಮ್ಮಿ. ತಪ್ಪ ನಂದು."

ಸಂತೋಷಕುಮಾರನ ಮೈಕು ತಾನೇ ಕೆಳಗೆ ಇಳಿಯಿತು. ಅವನ ಗುಟ್ಟೂ ಅದರ ಜೊತೆ ಇಳಿದಿತ್ತು. ನಾಲ್ಕು ಟೆಂಪೊ ಬಾಡಿಗೆ ಕೊಟ್ಟು ಬಂದವರು ಕಿಸೆ ಮುಟ್ಟಿ ನೋಡಿಕೊಂಡರು.

ಮ್ಯಾನೇಜರ್ ಜಹಾಂಗೀರ ಮೊದಲು ಸುಧಾರಿಸಿಕೊಂಡ. "ಟಿಕೆಟ್ ವಾಪಸ್ ತಗೊಳಂಗಿಲ್ರಿ, ಈಗ ಹೇಳೇನಿ."

"ಅಲ್ರಿ," ಎಂದಳು ರಂಗವ್ವ ಗಂಡನಿಗೆ, ಎಲ್ಲರೆದುರಿಗೆ, "ಹಂಗಾರ ನೀವು ಅತ್ತಿಲ್ಲ?"

"ಇಲ್ಲ. ಅದು ಹಲ್ಲಿನ ಸೂಜಿದು."

"ನಂಗ ಗೊತ್ತಿತ್ತು ತಗೋರಿ," ಎಂದು ರಂಗವ್ವ ನಿಟ್ಟುಸಿರು ಬಿಟ್ಟಳು. ಅದರಲ್ಲಿ ಸಮಾಧಾನ ಎಷ್ಟು, ಬೇಸರ ಎಷ್ಟು ಹೇಳಲಾಗದು.

ಗಂಟೆ ಹೊಡೆಯಿತು. ಯಾರೂ ಒಳಗೆ ಹೋಗಲಿಲ್ಲ. ಕೆಲವರು ಟೆಂಪೊ ಕಡೆ ನೋಡಿದರು. ಹುಲ್ಲಪ್ಪ ಲೋಟ ಕೆಳಗಿಟ್ಟು ಬಾಗಿಲ ಕಡೆ ನಡೆದ.

"ಎಲ್ಲಿ ಹೊಂಟಿ?" ಎಂದ ಮಾಳಿಂಗರಾಯ.

"ಇನ್ನ ಅರ್ಧ ನೋಡೂದೈತಿ. ಅರ್ಧ ನೋಡಿ ಹೆಂಗ ಬಿಡ್ಲಿ? ಆ ಹುಡುಗಗ ನೋಡಿ ಹೇಳ್ತೇನಿ ಅಂದೇನಿ."

ಅವನು ಒಬ್ಬನೇ ಕತ್ತಲೆಯ ಬಾಗಿಲೊಳಗೆ ಹೋದ. ಹೊರಗಿನವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ರಂಗವ್ವ ಹೋದಳು. ಆಮೇಲೆ ಮುಕ್ತಾರ ಬಸಿ ಇಟ್ಟು, ಬಾಯಿ ಒರೆಸಿಕೊಂಡು ಹೋದ. ಅವನು ಹೋದ ಮೇಲೆ ಉಳಿದವರು ಹೊರಗೆ ನಿಂತು ಮಾಡುವುದೇನೂ ಇರಲಿಲ್ಲ.

ಎರಡನೇ ಅರ್ಧದಲ್ಲಿ ಯಾರೂ ಹುಲ್ಲಪ್ಪನನ್ನು ನೋಡಲಿಲ್ಲ. ಅವನ ಮುಖ ನೋಡಿ ಇನ್ನು ಪ್ರಯೋಜನ ಇರಲಿಲ್ಲವಾದ್ದರಿಂದ ಬೇರೆ ದಾರಿಯಿಲ್ಲದೆ ಚಿತ್ರ ನೋಡಿದರು. ನಾಯಕ ಹಿಂಡು ಕಳೆದುಕೊಂಡ. ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಬಂದು ಕೂತ. ನೀರು ಇತ್ತು, ನೀರಿನ ಮೇಲೆ ಮರದ ನೆರಳು ಇತ್ತು, ಕೂತವನು ಇದ್ದ. ಮಾತಿಲ್ಲ, ಹಾಡಿಲ್ಲ. ಬೆಂಗಳೂರಿನ ವಿಮರ್ಶಕರು ಕೈಗಡಿಯಾರ ನೋಡಿಕೊಂಡು ಲೆಕ್ಕ ಹಾಕಿದ್ದ ಏಳು ನಿಮಿಷಗಳು ಇವೇ. ಬೆಳಗಿನಿಂದ ಬೈಗಿನ ತನಕ ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ಕೂರುವವರಿಗೆ ಏಳು ನಿಮಿಷ ಏನು ಮಹಾ? ಟಾಕೀಸಿನಲ್ಲಿ ಕೆಮ್ಮು ಕೂಡ ಕೇಳಲಿಲ್ಲ. ಅವರಲ್ಲಿ ಬಹಳ ಜನ ಯಾವಾಗಲೋ ಒಂದು ದಿನ ಹಾಗೆ ಕೂತಿದ್ದರು. ಹಾಗೆ ಕೂತದ್ದನ್ನು ಯಾರಾದರೂ ನೋಡಿರಬಹುದೆಂದು ಅವರಿಗೆ ಅನಿಸಿರಲಿಲ್ಲ.

ಏಳನೆಯ ನಿಮಿಷದಲ್ಲಿ ರಂಗವ್ವ ಪಿಸುಗುಟ್ಟಿದಳು. "ಯಾರರ ಅವಗ ಒಂದ ಚಹಾ ಕೊಡಬಾರ್ದ?"

"ಸುಮ್ಮಕಿರು," ಎಂದ ಹುಲ್ಲಪ್ಪ. ಅವನ ದನಿ ಯಾಕೋ ಸರಿ ಇರಲಿಲ್ಲ. ಈ ಸಲ ಸೂಜಿ ಚುಚ್ಚಿರಲಿಲ್ಲ.

ಆಟ ಮುಗಿದಾಗ ಚೇತನಕುಮಾರ ಮೆಟ್ಟಿಲ ಕೆಳಗೆ ನಿಂತಿದ್ದ. ಕೈ ಚಾಚುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ಹುಲ್ಲಪ್ಪನೇ ಅವನ ಕೈ ಹಿಡಿದು ಟವೆಲ್ ಹಾಸಿದ. ಸುತ್ತ ಜನ ಗುಂಪುಗೂಡಿತು. ಒಳಗೆ ಬೆರಳುಗಳು ಓಡಾಡಿದವು. ಹುಡುಗನ ಮುಖ ಮೊದಲು ಇಳಿಯಿತು. ಆಮೇಲೆ ಟವೆಲ್ ಮತ್ತೊಮ್ಮೆ ಅಲುಗಿತು. ಹುಡುಗ ಹುಲ್ಲಪ್ಪನನ್ನು ಅನುಮಾನದಿಂದ ನೋಡಿದ. ಹುಲ್ಲಪ್ಪ ತಲೆಯಾಡಿಸಿದ, ಮತ್ತೆ ಒತ್ತಿದ. ಹುಡುಗ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ.

"ಎಷ್ಟಪ್ಪ? ಎಷ್ಟ ಕೊಟ್ಟಾನ?" ಎಂದರು ಎಲ್ಲರೂ.

ಚೇತನಕುಮಾರ ಬಾಯಿ ಬಿಡಲಿಲ್ಲ. ಮಾಳಿಂಗರಾಯ ಬಾದಾಮಿಯವರೆಗೆ ಹಿಂದೆ ಬಿದ್ದು ಕೇಳಿದನಂತೆ, ಪ್ರಯೋಜನವಾಗಲಿಲ್ಲ. ಹುಲ್ಲಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ಇಷ್ಟೇ: "ಆ ದಲ್ಲಾಳಿನ್ನ ಮೊದಲ ತಗಿ. ಮುಂದಿನ ಸಲ ನನ್ನ ಕರಿ, ನಾ ನಿಂದರ್ತೇನಿ. ಮಾಲು ಸಣ್ಣದೈತಿ ತಮ್ಮಾ, ಆದ್ರ ಸಂತಿಯಿಂದ ತಿರುಗಿ ಹೊಡಕೊಂಡ ಹೋಗೋ ಮಾಲಲ್ಲ."

ಜಹಾಂಗೀರ ಚಿತ್ರವನ್ನು ಸೋಮವಾರ ತೆಗೆಯಲಿಲ್ಲ. ಏಳು ನಿಮಿಷ ಸುಮ್ಮನೆ ಕೂರುವುದನ್ನು ನೋಡಲು ಗುಳೇದಗುಡ್ಡದಿಂದ, ಕೆರೂರಿನಿಂದ ಕುರಿಗಾರರು ಬಂದರು. ದಲ್ಲಾಳಿ ಬಂದಾಗ ಬೈಯಲು ಇನ್ನಷ್ಟು ಜನ ಬಂದರು. ಜಹಾಂಗೀರ ತನ್ನ ಟಾಕೀಸಿನಲ್ಲಿ ಇಂಥ ಗಲಾಟೆ ಕೇಳಿ ವರ್ಷಗಳಾಗಿದ್ದವು.

ಹುಲ್ಲಪ್ಪನಿಗೆ ಮಾತ್ರ ಆ ವಾರ ನಿದ್ದೆ ಬರಲಿಲ್ಲ. ಟಾಕೀಸಿನಲ್ಲಿ ಬಂದ ಹಾಗೆ ಮನೆಯಲ್ಲಿ ಬರುತ್ತಿರಲಿಲ್ಲ. ಶನಿವಾರ ಅವನು ಎಲ್ಲರಿಗಿಂತ ಮೊದಲು ಸಂತೆಗೆ ಹೋಗಿ ಎಂದಿನ ಜಾಗದಲ್ಲಿ ಕೂತ. ಹಿಂಡುಗಳು ಬಂದವು, ಧೂಳೆದ್ದಿತು. ಗಿರಾಕಿಗಳು ಅತ್ತಿತ್ತ ಓಡಾಡಿದರು. ಅವನ ಹತ್ತಿರ ಬಂದವರು ನಮಸ್ಕಾರ ಹೇಳಿ ಮುಂದೆ ಹೋದರು. ಹೊತ್ತು ಏರಿತು. ಪಕ್ಕದ ದಲ್ಲಾಳಿಯ ಟವೆಲ್ ಆರು ಸಲ ಅಲುಗಿತು, ಹುಲ್ಲಪ್ಪನದು ಹೆಗಲ ಮೇಲೆ ಹಾಗೆಯೇ ಇತ್ತು.

ಆಗ ಮುಕ್ತಾರ ಬಂದ. ಒಂದು ಕರಿ ಟಗರಿನ ಮುಂದೆ ನಿಂತ.

"ಹುಲ್ಲಪ್ಪ ಭಾಯ್, ಇದನ್ನ ನೋಡೀದಿ?"

"ನೋಡೇನಿ."

"ಇಂಟರ್ವಲ್ ತನಕ ನೋಡೀದಿಯೋ, ಪೂರಾ ನೋಡೀದಿಯೋ?"

ಸಂತೆಯೆಲ್ಲ ನಕ್ಕಿತು. ಹುಣಸೆ ಮರದ ಕೆಳಗಿನವರೂ ನಕ್ಕರು, ನೀರಿನ ತೊಟ್ಟಿಯ ಕಡೆಯವರೂ ನಕ್ಕರು. ಒಬ್ಬ, "ನಡುವ ಮಲಗಿದ್ದರ ಹೇಳಿಬಿಡ್ರಿ ಕಾಕಾ," ಎಂದ. ಹುಲ್ಲಪ್ಪನ ಮುಖ ಕೆಂಪಾಯಿತು. ಅವನು ಎದ್ದ. ಟಗರಿನ ಹತ್ತಿರ ಹೋಗಿ, ಹಲ್ಲಿನಿಂದ ಸುರುಮಾಡಿ, ಕಿವಿ, ಕತ್ತು, ಬೆನ್ನು, ಪಕ್ಕೆಲುಬು, ನಾಲ್ಕು ಕಾಲು, ನಾಲ್ಕು ಗೊರಸು, ಬಾಲ, ಎಲ್ಲವನ್ನೂ ಅವಸರವಿಲ್ಲದೆ ಮುಟ್ಟಿ ನೋಡಿದ. ಬಿಸಿಲು ನೆತ್ತಿಗೆ ಬಂದಿತ್ತು. ಮುಕ್ತಾರ ಅಲ್ಲೇ ನಿಂತಿದ್ದ. ಯಾರೂ ಕದಲಲಿಲ್ಲ.

"ಪೂರಾ," ಎಂದ ಹುಲ್ಲಪ್ಪ.

ಮುಕ್ತಾರ ಅಂಗಿಯ ತೋಳು ಮಡಚಿ ಕೈ ಚಾಚಿದ.